ಊದುವುದನ್ನು ಬಿಟ್ಟ ತಾತ

ಗಡಿಯಾರ ರಿಪೇರಿ ತಾತನ ಬಾಯಿ ಒಂದು ಗಳಿಗೆಯೂ ಸುಮ್ಮನಿದ್ದದ್ದಿಲ್ಲ. ಮಾತಾಡದಿದ್ದರೆ ಊದುತ್ತಿತ್ತು. ಮನೆಯ ಮುಂದಿನ ಕೋಣೆಯೇ ಅಂಗಡಿ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ, ಬಿಚ್ಚಿದ ಗಡಿಯಾರವನ್ನು ತುಟಿ ಹತ್ತಿರ ಹಿಡಿದು "ಫೂ" ಅಂದರೆ ದೂಳು ಮಾಯ. ಒತ್ತಿದರೆ ಗಾಳಿ ಬಿಡುವ ರಬ್ಬರ್ ಪಂಪು ಮೇಜಿನ ಮೇಲೇ ಇತ್ತು. "ದೇವರು ಕೊಟ್ಟ ಊದುಗೊಳವೆ ಇರುವಾಗ ಅದ್ಯಾಕೆ?" ಅನ್ನೋದು ಅವನ ಜಂಬ. ಮೊಮ್ಮಗಳೂ ತನ್ನ ಆಟಿಕೆ ಗಡಿಯಾರ ಒಡ್ಡಿ "ತಾತಾ, ಊದು" ಅನ್ನುತ್ತಿದ್ದಳು.

ಆ ಮಗುವಿಗೆ ರಕ್ತದ ಕ್ಯಾನ್ಸರ್. ಔಷಧಿಗೆ ಕೂದಲೆಲ್ಲ ಉದುರಿತ್ತು. ಫ್ಲೂ ಲಸಿಕೆ ಹಾಕಿದ ನರ್ಸಮ್ಮ ಮಗುವಿನ ತಾಯಿಗೆ, ಅಂದರೆ ತಾತನ ಮಗಳಿಗೆ, ಕಟ್ಟುನಿಟ್ಟಾಗಿ ಹೇಳಿದ್ದಳು: "ಟ್ರೀಟ್‌ಮೆಂಟ್ ನಡೀವಾಗ ಇವಳ ಮೈಗೆ ಲಸಿಕೆ ಪೂರ್ತಿ ಹಿಡಿಯಲ್ಲಮ್ಮ. ಮನೆಯವರೆಲ್ಲ ಹಾಕಿಸ್ಕೊಳ್ಳಿ. ಇವಳಿಗೆ ನೀವೇ ಬೇಲಿ."

ಮಗಳು, ಅಳಿಯ ಹಾಕಿಸಿಕೊಂಡರು. ತಾತನಿಗೋ ಸೂಜಿ ಅಂದರೆ ಜೀವಭಯ. ಕ್ಲಿನಿಕ್ಕಿನ ಬಾಗಿಲವರೆಗೆ ಹೋಗಿ ಹಾಗೇ ತಿರುಗಿ ಬಂದ. "ಹಾಕಿಸ್ಕೊಂಡೆ ಕಣಮ್ಮ, ಇರುವೆ ಕಚ್ಚಿದ ಹಾಗಾಯ್ತು ಅಷ್ಟೇ" ಅಂತ ತೋಳು ಬೇರೆ ಉಜ್ಜಿಕೊಂಡ. ಅಬ್ಬಬ್ಬಾ, ಎಂಥಾ ನಾಟಕ!

ಚಳಿಗಾಲ ಬಂತು, ಅವನ ಮೂಗು ಸೋರತೊಡಗಿತು, ಮೈ ಬಿಸಿಯಾಯಿತು. ದೂಳಿಗೆ ಹೀಗೆ ಅಂದುಕೊಂಡು ಯಾರಿಗೂ ಹೇಳಲಿಲ್ಲ. ಮೊಮ್ಮಗಳು ಗಡಿಯಾರ ಒಡ್ಡಿದಳು. ಊದಿದ.

ಎರಡು ದಿನಕ್ಕೆ ಮಗುವಿನ ಮೈ ಕೆಂಡ. ಆಸ್ಪತ್ರೆಯಲ್ಲಿ ಡಾಕ್ಟರು, "ಮನೇಲಿ ಯಾರಿಗಾದ್ರೂ ಜ್ವರ, ನೆಗಡಿ?" ಅಂದರು.

"ಇಲ್ಲ ಡಾಕ್ಟ್ರೇ, ಎಲ್ಲಾರೂ ಲಸಿಕೆ ಹಾಕಿಸ್ಕೊಂಡಿದ್ದೀವಿ" ಅಂದಳು ಮಗಳು.

ಮಂಚದ ಮೇಲೆ ಮಗು ಮುಲುಗಿತು.

"ನಾನು ಹಾಕಿಸ್ಕೊಂಡಿಲ್ಲ" ಅಂದ ತಾತ. "ಸುಳ್ಳು ಹೇಳಿದ್ದೆ. ನನಗೆ ಜ್ವರ ಇತ್ತು. ಇವಳ ಮುಖದ ಹತ್ತಿರವೇ ಊದಿದ್ದೀನಿ."

ಡಾಕ್ಟರು ಬೈಯಲಿಲ್ಲ. ಪರೀಕ್ಷೆಯ ರಿಪೋರ್ಟಿಗೂ ಕಾಯದೆ ಫ್ಲೂ ಔಷಧಿ ಶುರುಮಾಡಿಸಿದರು. ಮಗಳು ಮಾತ್ರ ಅವನನ್ನು ಯಾರೋ ದಾರಿಹೋಕನನ್ನು ನೋಡುವ ಹಾಗೆ ನೋಡಿ, "ಅಪ್ಪ, ನೀನು ಆಚೆ ಇರು" ಅಂದಳು.

ಮಗು ಉಳಿಯಿತು. ಬಹಳ ದಿನದ ಮೇಲೆ, ಸಣಕಲು ಕಡ್ಡಿಯಾಗಿ ಮನೆಗೆ ಬಂತು. ಆದರೆ ಆವತ್ತಿನಿಂದ ಅಂಗಡಿಯಲ್ಲಿ ಒಬ್ಬನೇ ಕೂತಾಗ ತಾತನಿಗೆ ಬೆನ್ನ ಹಿಂದೆ "ಫೂ" ಅಂತ ಕೇಳಿಸುತ್ತದೆ. ತಿರುಗಿದರೆ ಗೋಡೆ. ಗಡಿಯಾರ ತುಟಿ ಹತ್ತಿರ ಬಂದರೆ ಉಸಿರೇ ನಿಲ್ಲುತ್ತದೆ. ಪಾಪ ಅನ್ನೋಣ ಅಂದರೆ ಬಾಯಿ ಬರುವುದಿಲ್ಲ, ಅನ್ನದೆ ಇರೋಕೂ ಆಗುವುದಿಲ್ಲ.

ಮುಂದಿನ ವರ್ಷ ಕ್ಲಿನಿಕ್ಕಿನ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಂತಿದ್ದ. ಮನೆಗೆ ಬಂದವನೇ ಮಗಳ ಮುಂದೆ ಅಂಗಿಯ ತೋಳು ಮಡಚಿದ. ನರ್ಸಮ್ಮ ಅಂಟಿಸಿದ್ದ ಹತ್ತಿಯನ್ನು ಅವಳು ಕಿತ್ತು, ತೋಳನ್ನು ಬೆಳಕಿಗೆ ತಿರುಗಿಸಿ, ಸೂಜಿ ಗುರುತು ಹುಡುಕಿದಳು. ಸಿಕ್ಕಿತು.

"ತಾತಾ, ಊದು" ಅಂತ ಮೊಮ್ಮಗಳು ಓಡಿ ಬಂದು ಗಡಿಯಾರ ಒಡ್ಡಿದಳು. ತಾತ ಮಗಳ ಮುಖ ನೋಡಿದ. ಅವಳು ಮೇಜಿನ ಮೇಲಿದ್ದ ರಬ್ಬರ್ ಪಂಪನ್ನು ತಂದು ಅವನ ಕೈಗಿಟ್ಟಳು.