ಕ್ವಿನೈನ್ ಕಿವಿಗೆ ಕೇಳಿದ್ದು

ಮೊದಲು ಬಂದದ್ದು ಚಳಿ. ಕನಕಗಿರಿಯ ಸಂತೆಯ ದಿನ, ಮಟಮಟ ಮಧ್ಯಾಹ್ನ, ಅಂಗಡಿಯಲ್ಲಿ ಬೆಲ್ಲ ತೂಗುತ್ತಿದ್ದೆ. ತಕ್ಕಡಿ ಹಿಡಿದ ಕೈ ನಡುಗಿತು. ಗಿರಾಕಿ ಮುಳ್ಳನ್ನು ನೋಡಿ, ಆಮೇಲೆ ಅನುಮಾನದಿಂದ ನನ್ನ ಮುಖ ನೋಡಿದ. ಇಷ್ಟು ವರ್ಷ ಊರವರನ್ನೆಲ್ಲ ಹಾಗೆ ನೋಡಿದವನು ನಾನು. ಆ ನೋಟ ನನ್ನ ಮೇಲೆ ಬಿದ್ದದ್ದು ಅಂದೇ ಮೊದಲು.

ಮೂರನೆಯ ಸಲ ಚಳಿಜ್ವರ ಬಂದಾಗ ಚಕ್ಕಡಿಯಲ್ಲಿ ಮಲಗಿಸಿ ಗಂಗಾವತಿಯ ದವಾಖಾನೆಗೆ ತಂದರು. ಡಾಕ್ಟರ್ ಸಾಹೇಬರು ಹೊಟ್ಟೆ ಒತ್ತಿ ನೋಡಿ ಮಲೇರಿಯಾ ಎಂದರು. ದಿನಕ್ಕೆ ಮೂರು ಡೋಸ್ ಕ್ವಿನೈನ್. ಹೆಂಡತಿ ನೀಲಮ್ಮ ವಾರ್ಡಿನ ಹಿಂದೆ ಒಲೆ ಹೂಡಿ ಗಂಜಿ ಕಾಯಿಸುತ್ತಿದ್ದಳು. ನಾಲ್ಕನೆಯ ದಿನ ಟೆಂಪರೇಚರ್ ಇಳಿಯಿತು.

ಕಿವಿಯೊಳಗೆ ಜೇನು ಎದ್ದಿತು.

ಗುಂಯ್ ಎಂಬ ಒಂದೇ ಸದ್ದು, ಬಿಡುವೇ ಇಲ್ಲ. ಎದುರಿಗಿದ್ದವರ ಮಾತು ಗೋಡೆಯಾಚೆಯಿಂದ ಬಂದಂತೆ ಕೇಳುತ್ತಿತ್ತು. ನನಗೆ ಹೆದರಿಕೆಯಾಯಿತು. ಊರಲ್ಲಿ ಸೋಮವಾರದ ಭಜನೆಯಲ್ಲಿ ಪದ ಎತ್ತುವವನು ನಾನು. ನಮ್ಮಲ್ಲಿ ಹಾರ್ಮೋನಿಯಂ, ತಾಳ, ಡಗ್ಗಾ ಎಲ್ಲ ಇರುವುದು ಹಾಡುವವನು ಗಂಟಲು ಸರಿಮಾಡಿಕೊಳ್ಳುವ ತನಕ. ಪದ ಎದ್ದ ಮೇಲೆ ಅವು ಹಿಂದೆ ಸರಿಯಬೇಕು. ಹಾರ್ಮೋನಿಯಂನವನು ಎರಡು ಸ್ವರ ಹೆಚ್ಚು ನುಡಿಸಿದರೂ ಕಣ್ಣು ಕೆಕ್ಕರಿಸುತ್ತಿದ್ದೆ. ಕಿವಿ ಹೋದರೆ ಆ ಜಾಗ ಹೋದಂತೆ.

"ಕ್ವಿನೈನಿಗೆ ಹಂಗ ಆಗ್ತೈತ್ರಿ ಶೆಟ್ರ. ಗುಳಿಗಿ ಮುಗದ ಮ್ಯಾಲೆ ಹೋಗ್ತೈತಿ" ಎಂದರು ಸಾಹೇಬರು.

ನಾನು ನಂಬಲಿಲ್ಲ. "ನಾಳೆ ಛಲೋ ಮಾಲು ಬರ್ತೈತಿ" ಎಂದು ನಾನೂ ಗಿರಾಕಿಗಳಿಗೆ ಹೀಗೇ ಹೇಳುತ್ತಿದ್ದೆನಲ್ಲ.

ವಾರ್ಡಿಗೆ ಹತ್ತಿಕೊಂಡೇ ಸಾಹೇಬರ ಮನೆ. ಸಂಜೆ ಕಿಟಕಿಯಲ್ಲಿ ಗ್ರಾಮೊಫೋನ್ ಇಟ್ಟು ಒಂದೇ ಪ್ಲೇಟನ್ನು ತಿರುತಿರುಗಿ ಹಚ್ಚುತ್ತಿದ್ದರು. ಕಿವಿಯ ಗುಂಯ್‌ಗುಡುವಿಕೆಯನ್ನೂ ದಾಟಿ ಬರುವಷ್ಟು ಜೋರು. ಪಿಟೀಲುಗಳು, ಒಂದೆರಡಲ್ಲ, ಹಿಂಡು ಹಿಂಡು. ನಾನು ಹಾಡುವವರನ್ನು ಕಾದೆ. ಪಿಟೀಲು ಇಳಿದು ಕೊಳಲು ಬಂತು. ಈಗ ಪದ ಎತ್ತುತ್ತಾರೆ ಅಂದುಕೊಂಡೆ. ಕಹಳೆಗಳು ಎದ್ದವು. ಪ್ಲೇಟು ಮುಗಿಯಿತು.

ಇಷ್ಟು ಮಂದಿ ವಾದ್ಯದವರನ್ನು ಕೂಡಿಸಿ ಹಾಡುವವರನ್ನು ಕರೆಯದೆ ಇರುತ್ತಾರೆಯೇ? ಬೀಗರನ್ನೆಲ್ಲ ಕರೆದು ಮದುಮಗನನ್ನೇ ಬಿಟ್ಟಂತೆ. ಹಾಡು ಇದ್ದೇ ಇದೆ, ನನಗೆ ಕೇಳುತ್ತಿಲ್ಲ. ನೀಲಮ್ಮನ ಕೈ ಹಿಡಿದು ಕೂಗಿದೆ.

"ಯಾರೋ ಹಾಡಾಕತ್ತಾರಲಾ? ಖರೆ ಹೇಳು!"

ಅವಳು ನನ್ನ ಮುಖ ನೋಡಿದಳು. "ಹೂಂರಿ. ಹಾಡಾಕತ್ತಾರ. ಛಲೋ ಹಾಡಾಕತ್ತಾರ."

ಅಷ್ಟೇ. ನನ್ನ ಕಿವಿ ಸತ್ತಿತ್ತು.

ಮರುದಿನದಿಂದ ಗುಳಿಗೆ ನುಂಗುವುದು ಬಿಟ್ಟೆ. ನಾಲಿಗೆಯಡಿ ಇಟ್ಟುಕೊಂಡು ನೀರು ಕುಡಿಯುವುದು, ಕಾಂಪೌಂಡರ್ ಅತ್ತ ತಿರುಗಿದ ಕೂಡಲೇ ದಿಂಬಿನ ಗವಸಿಗೆ ತುರುಕುವುದು. ಸಂಜೆಯಾದರೆ ಉಸಿರು ಬಿಗಿಹಿಡಿದು ಪ್ಲೇಟು ಕೇಳುತ್ತಿದ್ದೆ. ವಾದ್ಯಗಳ ಸಂದಿಯಲ್ಲಿ ಎಲ್ಲಾದರೂ ಮನುಷ್ಯರ ದನಿ ಅಡಗಿದೆಯೋ ಎಂದು ಒಂದೊಂದನ್ನೂ ಬಿಡಿಸಿ ಹುಡುಕಿದೆ. ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ. ಸಣ್ಣ ಪಿಟೀಲು ಕೇಳಿದ್ದಕ್ಕೆ ದಪ್ಪ ದನಿಯ ಪಿಟೀಲು ಉತ್ತರ ಕೊಡುತ್ತಿತ್ತು. ಕೊಳಲು ಬರುವ ಮೊದಲು ಎಲ್ಲವೂ ಒಂದು ಗಳಿಗೆ ತಡೆಯುತ್ತಿದ್ದವು. ಇದೆಲ್ಲ ಗೊತ್ತಾಯಿತು. ಹಾಡುವವರು ಮಾತ್ರ ಸಿಗಲಿಲ್ಲ.

ಸಿಕ್ಕದ್ದು ಚಳಿ. ಮಂಚವೇ ಅಲ್ಲಾಡುವಂಥ ಚಳಿ, ಅದರ ಹಿಂದೆಯೇ ಬೆಂಕಿಯಂಥ ಜ್ವರ. ಮೈಮೇಲೆ ಪ್ರಜ್ಞೆಯಿರಲಿಲ್ಲವಂತೆ. ಬೆವರಿನ ದಿಂಬು ಬದಲಿಸಲು ನೀಲಮ್ಮ ಗವಸು ಕೊಡವಿದಾಗ ಗುಳಿಗೆಗಳು ನೆಲದ ತುಂಬ ಉರುಳಿದವು.

ಎಚ್ಚರವಾದಾಗ ಸಾಹೇಬರು ನನ್ನ ಎದುರೇ ನಿಂತಿದ್ದರು. "ಜೀವಾ ಬ್ಯಾಡಾಗೈತೇನ್ರಿ?" ಎಂದು ಗದರಿದರು.

"ಕಿವಿ ತಗೊಂಡು ಜೀವಾ ಕೊಡ್ತೀರೇನ್ರಿ? ನಿಮ್ಮ ಪ್ಲೇಟಿನ್ಯಾಗಿನ ಹಾಡ ಕೇಳಸವಲ್ದು ನನಗ" ಎಂದು ಅತ್ತುಬಿಟ್ಟೆ.

"ಯಾವ ಹಾಡ್ರಿ? ಅದ್ರಾಗ ಹಾಡವರ ಇಲ್ಲ. ಬರೇ ವಾದ್ಯ."

ಇವರೂ ಸಮಾಧಾನ ಹೇಳುತ್ತಿದ್ದಾರೆ ಎನ್ನಿಸಿತು. ಮುಖ ತಿರುಗಿಸಿದೆ. ಸಾಹೇಬರು ಮಾತು ಬೆಳೆಸದೆ ಗ್ರಾಮೊಫೋನನ್ನೇ ವಾರ್ಡಿಗೆ ತರಿಸಿ ಹಚ್ಚಿದರು. ಪಕ್ಕದ ಮಂಚದಲ್ಲಿ ಹನುಮಸಾಗರದ ಕಡೆಯ ಒಬ್ಬ ಅಜ್ಜ ಇದ್ದ. ನನ್ನಿಂದ ಅವನಿಗೆ ಆಗಬೇಕಾದ್ದು ಏನೂ ಇರಲಿಲ್ಲ, ಅವನೊಬ್ಬನನ್ನು ನಂಬಬಹುದು. ಪ್ಲೇಟು ಮುಗಿದ ಮೇಲೆ ಕೇಳಿದೆ.

"ಅಜ್ಜಾ, ಯಾರು ಹಾಡಿದ್ರು?"

"ಎಲ್ಲಿ ಹಾಡಿದ್ರೋ ಸಾವ್ಕಾರ? ತಯಾರಿನ ಭಾಳಾತು. ಹಾಡಾವ ಬರಲೇ ಇಲ್ಲ."

ಸಾಹೇಬರು ನಕ್ಕರು. ನನಗೆ ನಗು ಬರಲಿಲ್ಲ. ನೀಲಮ್ಮನತ್ತ ತಿರುಗಿದೆ.

"ಸುಳ್ಳ ಯಾಕ ಹೇಳಿದಿ?"

ಅವಳು ನೆಲ ನೋಡುತ್ತ ಹೇಳಿದಳು. "ಇಲ್ಲ ಅಂದಿದ್ರ ನಂಬತಿದ್ರೇನ್ರಿ? ಲಗ್ನ ಆದಾಗಿಂದ ನನ್ನ ಒಂದು ಮಾತರ ಒಂದೇ ಸಲಕ್ಕ ನಂಬೀರೇನು?"

ಗುಳಿಗೆಗೆ ಕೈಚಾಚಿದೆ, ನುಂಗಿ ಬಾಯಿ ತೆರೆದು ತೋರಿಸಿದೆ.

ಅಂದು ಸಂಜೆ ಪ್ಲೇಟು ಮತ್ತೆ ತಿರುಗಿತು. ಯಾರನ್ನೂ ಕಾಯಬೇಕಾಗಿರಲಿಲ್ಲ. ಪಿಟೀಲುಗಳು ಏರಿದವು, ನಾನೂ ಜೊತೆಗೆ ಏರಿದೆ. ಕೊಳಲಿನ ಮುಂಚಿನ ಆ ತಡೆಯಲ್ಲಿ ಕಣ್ಣು ತುಂಬಿ ಬಂತು. ಏನು ಹೇಳುತ್ತಿದೆ ಎಂದು ಕೇಳಿದರೆ ನನಗೆ ಗೊತ್ತಿಲ್ಲ. ಅದರಲ್ಲಿ ಮಾತಿಲ್ಲ, ಹಾಗಾಗಿ ಸುಳ್ಳೂ ಇಲ್ಲ ಎಂದು ಮಾತ್ರ ಅನ್ನಿಸಿತು. ಸಂಜೆಗೆ ಮೊದಲೇ ಕಿಟಕಿಯತ್ತ ನೋಡುತ್ತ ಕೂಡುವುದು ರೂಢಿಯಾಯಿತು.

ಊರಿಗೆ ಬಂದು ಎರಡು ತಿಂಗಳಾಯಿತು. ಕಿವಿಯ ಸದ್ದು ಮುಕ್ಕಾಲು ಹೋಗಿದೆ; ಉಳಿದದ್ದು ಹೋಗುತ್ತದೆ ಎಂದು ಸಾಹೇಬರು ಹೇಳಿದ್ದಾರೆ, ನೋಡೋಣ. ಮೊದಲ ಸೋಮವಾರ ಭಜನೆಯಲ್ಲಿ ಹಾರ್ಮೋನಿಯಂ ನುಡಿಯಿತು, ತಾಳ ಸೇರಿತು. ನಾನು ಪದ ಎತ್ತಲಿಲ್ಲ. ಅವರು ನುಡಿಸುತ್ತ ನನ್ನನ್ನೇ ನೋಡಿದರು. ಶೆಟ್ಟಿಗೆ ದನಿಯೂ ಹೋಯಿತೇನೋ ಎಂಬ ಅನುಮಾನ ಅವರ ಮುಖದಲ್ಲಿ ಕಂಡಿತು. ಕೈಸನ್ನೆ ಮಾಡಿದೆ: ನುಡಿಸಿರಿ, ಇನ್ನೂ ನುಡಿಸಿರಿ. ಹಾರ್ಮೋನಿಯಂನವನು ಅಷ್ಟು ಛಲೋ ನುಡಿಸುತ್ತಾನೆಂದು ನನಗೆ ಗೊತ್ತೇ ಇರಲಿಲ್ಲ. ತಡವಾಗಿ ಒಂದು ಪದ ಹಾಡಿದೆ.

ಮನೆಗೆ ಬರುವಾಗ ನೀಲಮ್ಮನನ್ನು ಕೇಳಿದೆ. "ನನ್ನ ದನಿ ಮೊದಲಿನಂಗ ಐತೇನು?"

"ಹೂಂರಿ, ಐತಿ" ಎಂದಳು.

ನಿಜವೋ, ಸಮಾಧಾನವೋ. ಎರಡನೆಯ ಸಲ ಕೇಳಲಿಲ್ಲ.