ಹತ್ತಿಕಟ್ಟಿಗೆಯ ಕಪ್ಪು ಬೂಸ್ಟು

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನನ್ನ ಮೊಮ್ಮಗಳೊಬ್ಬಳೇ. ಅವಳು ನಮ್ಮೂರು ಗೋಗಿಗೆ ಬಂದಳೆಂದರೆ ನನಗೆ ಹಬ್ಬ. ಆ ಸಲ ಮಾತ್ರ ಚಹಾ ಕುಡಿದವಳೇ ನನ್ನನ್ನು ಕರೆದುಕೊಂಡು ಕಾಲುವೆ ದಂಡೆಗೆ ಹೋಗಿ, ಬಸಿನೀರಿಗೆ ಕೊಳೆತುಬಿದ್ದ ಹತ್ತಿಕಟ್ಟಿಗೆಯ ರಾಶಿಯ ಮುಂದೆ ಕುಂತುಬಿಟ್ಟಳು. ಊರವರು ಬೆಳಿಗ್ಗೆ ಚಂಬು ಹಿಡಿದು ಹೋಗುವ ಜಾಗ ಅದು!

ಕೊಳೆತ ಕಟ್ಟಿಗೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಕಪ್ಪು ಬೂಸ್ಟು ಬೆಳೆಯುತ್ತದಂತೆ. ಅದರ ಬೀಜಗಳು ಮಣಿಸರದಂತೆ ಅಂಟಿಕೊಂಡಿದ್ದರೆ ಒಂದು ಕುಲ, ಒಂಟಿಯಾಗಿದ್ದರೆ ಇನ್ನೊಂದು. ಹೋದ ಸಲ ಕಾಲೇಜಿಗೆ ಒಯ್ದದ್ದರಲ್ಲಿ ಸರ ಹರಿದಿತ್ತು. ಹಾಗಾಗಿ ಅವಳು ಹೇಳಿದ ಕುಲವನ್ನು ಅಲ್ಲಿನ ಗುರುಗಳು ಒಪ್ಪಿರಲಿಲ್ಲ.

"ಮುತ್ಯಾ, ಈ ರಾಶಿ ಬಿಟ್ರ ಬ್ಯಾರೆ ಎಲ್ಲೂ ಸಿಗವಲ್ದು," ಅಂದಳು.

ಅಷ್ಟರಲ್ಲಿ ಪಕ್ಕದ ಹೊಲದ ಮುದುಕಿ ಬಂದಳು. "ಯಣ್ಣಾ, ಇಷ್ಟ್ ಓದ್ಸಿದ್ದು ಕೋಳಿ ಹಂಗ ತಿಪ್ಪಿ ಕೆದರಾಕೇನು?"

ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಮೊಮ್ಮಗಳಿಗೆ ಕೇಳಿಸದಂತೆ, "ಬಂಗಾರದ ಝುಮಕಿ ಬಿದ್ದೈತವ್ವ, ಹುಡುಕಾಕತ್ತಾಳ," ಅಂದುಬಿಟ್ಟೆ.

ಬಂಗಾರ ಅಂದರೆ ನಮ್ಮವರು ಸುಮ್ಮನಿರುತ್ತಾರೆಯೇ? ಮುದುಕಿ ಹೊಲಕ್ಕೆ ಹೋಗಿ ಹೇಳಿದ್ದೇ ತಡ, ಹತ್ತಿ ಬಿಡಿಸುತ್ತಿದ್ದ ಹೆಂಗಸರೆಲ್ಲ ಸೆರಗು ಸಿಗಿಸಿ ಓಡಿಬಂದರು. ಕಟ್ಟಿಗೆ ಎತ್ತೆತ್ತಿ ಜಾಡಿಸತೊಡಗಿದರು.

"ಜಾಡಸಬ್ಯಾಡ್ರೀ! ಬೀಜ ಉದುರ್ತಾವ!" ಎಂದು ಮೊಮ್ಮಗಳು ಕೂಗಿದಳು.

"ಹೆದರಬ್ಯಾಡವ್ವ, ಸಿಗ್ತೈತಿ," ಎಂದು ಅವರು ಇನ್ನೂ ಜೋರಾಗಿ ಜಾಡಿಸಿದರು. ಮೊಮ್ಮಗಳ ಕಣ್ಣಲ್ಲಿ ನೀರು ಬಂತು.

"ನಿಲ್ರಿ!" ಅಂದೆ. "ಝುಮಕಿ ಗಿಮಕಿ ಏನಿಲ್ಲ. ನಾ ಸುಳ್ಳ ಹೇಳೀನಿ. ಆಕಿ ಬೂಸ್ಟ ಹುಡುಕಾಕತ್ತಾಳ."

"ಬೂಸ್ಟ? ನನ್ನ ಉಪ್ಪಿನಕಾಯಿ ಗಡಿಗ್ಯಾಗ ಬೇಕಾದಷ್ಟೈತಿ, ಕೇಳಿದ್ರ ಕೊಡ್ತಿದ್ದೆ!" ಅಂದಳು ಮುದುಕಿ.

ಎಲ್ಲರೂ ಬಿದ್ದುಬಿದ್ದು ನಕ್ಕರು. ನಾನು ನೆಲ ನೋಡುತ್ತ ನಿಂತೆ. ಮೊಮ್ಮಗಳು ಕಣ್ಣೊರೆಸಿಕೊಂಡು, ಕೂಸನ್ನು ಎತ್ತುವ ಹಾಗೆ ಕಟ್ಟಿಗೆ ಎತ್ತುವುದನ್ನು ಅವರಿಗೆ ತೋರಿಸಿದಳು. ಜಾಡಿಸಿದ ಕೈಗಳೇ ಈಗ ಮೆಲ್ಲಗೆ ಒಂದೊಂದೇ ಕೊಟ್ಟವು. ರಾಶಿಯ ತಳದಿಂದ ಮುದುಕಿ ತೆಗೆದ ಕಟ್ಟಿಗೆಯನ್ನು ಮೊಮ್ಮಗಳು ತಾನು ತಂದಿದ್ದ ಅಂಗೈಯಷ್ಟಗಲದ ಸೂಕ್ಷ್ಮದರ್ಶಕದಲ್ಲಿ ಬಹಳ ಹೊತ್ತು ನೋಡಿದಳು.

"ಮುತ್ಯಾ, ಬಾ ಇಲ್ಲಿ. ಸರ ಹರಿದಿಲ್ಲ!"

ನೋಡಿದೆ. ಕರಿ ಮಣಿಗಳು, ಸಾಲುಸಾಲಾಗಿ. ನನ್ನಂಥ ಅರೆ ಓದಿನವನಿಗೂ ಕಂಡವು! ಕುಣಿಯಬೇಕೆನಿಸಿತು, ಆದರೆ ಸುತ್ತ ನಿಂತವರ ಮುಖ ನೋಡುವ ಧೈರ್ಯವಿರಲಿಲ್ಲ.

ದಾರಿಯಲ್ಲಿ ಹೊರಟಿದ್ದ ಆಟೋದವನು ಗುಂಪು ಕಂಡು ನಿಲ್ಲಿಸಿದ. "ಏನ್ ಕಳೀತ್ರಿ, ಮುತ್ಯಾ?"

ಹೆಂಗಸರೆಲ್ಲ ನನ್ನನ್ನೇ ನೋಡಿದರು.

"ಕಳೆದಿಲ್ಲಪ್ಪ, ಸಿಕ್ಕೈತಿ," ಅಂದೆ. ಏನು ಅಂತ ಕೇಳಿದ. ನಾಲಿಗೆ ಇನ್ನೂ ತಡವರಿಸಿತು, ಆದರೂ ಗಟ್ಟಿಯಾಗಿಯೇ ಹೇಳಿದೆ: "ಬೂಸ್ಟ."