ಸ್ಕ್ಯಾನಿಂಗ್ ಕೋಣೆಯ ಗಗನಯಾತ್ರಿ

"ನಾ ಆ ಡಬ್ಬಿಯೊಳಗ ಹೋಗಂಗಿಲ್ಲ," ಅಂತ ಅವ್ವ ನನ್ನ ಕೈ ಬಿಡಲೇ ಇಲ್ಲ. ನಾಗಪುರದ ಸ್ಕ್ಯಾನಿಂಗ್ ಸೆಂಟರೊಂದರಲ್ಲಿ ಅವಳ ತಲೆಯ ಎಂಆರ್‌ಐ ಆಗಬೇಕಿತ್ತು. ನಮ್ಮ ಕನ್ನಡ ಕೇಳಿ ಪಕ್ಕದ ಬೋಳುತಲೆಯ ಮುದುಕರು ತಿರುಗಿದರು. ಗುರುತು ಹತ್ತಿತು: ಟಿವಿಯ ವಿಜ್ಞಾನ ಧಾರಾವಾಹಿಗಳಲ್ಲಿ ಎಲ್ಲರಿಗಿಂತ ಮೊದಲು ಸಾಯುತ್ತಿದ್ದ ಗಗನಯಾತ್ರಿ, ಪೋಷಕ ನಟ.

"ಅಕ್ಕಾರ, ಇಂಥಾ ಡಬ್ಬಿಯೊಳಗ ಮಲಗೂದೇ ನನ್ನ ನೌಕರಿ ಆಗಿತ್ತು. ಒಳಗ ಹೋಗೂಕಿಂತ ಮೊದಲ ಕಣ್ಣು ಮುಚ್ಚಿಕೊಳ್ರಿ. ತಲಿ ಮ್ಯಾಲಿನ ಛತ್ತು ಎಷ್ಟು ಹತ್ತಿರ ಐತಿ ಅಂತ ಗೊತ್ತಾಗೂದಿಲ್ಲ."

ಅವ್ವ ಹಾಗೇ ಮಾಡಿ ಹೊರಬಂದಳು. ಮುಂದಿನ ಸರದಿ ಅವರದು. ಎದ್ದವರು ಬಾಗಿಲ ತನಕ ಹೋಗಿ ನಿಂತುಬಿಟ್ಟರು.

"ನೀವೂ ಕಣ್ಣು ಮುಚ್ಚಿಕೊಳ್ರಿ," ಅಂದೆ.

"ಶೂಟಿಂಗಿನ್ಯಾಗ ಕಟ್ ಅನ್ನಾವ ಒಬ್ಬ ಇರತಿದ್ದ," ಅಂದರು.

ಅವ್ವನ ರಿಪೋರ್ಟ್ ಚಲೋ ಬಂತು. ಅವರದು ಏನಾಯಿತೋ ತಿಳಿಯಲಿಲ್ಲ. ಅವರ ಹಳೆಯ ಧಾರಾವಾಹಿ ಟಿವಿಯಲ್ಲಿ ಮತ್ತೆ ಬಂದಾಗಲೆಲ್ಲ, ಅವರು ನೌಕೆಯ ಡಬ್ಬಿಯೊಳಗೆ ಮಲಗುವ ಮೊದಲೇ ನಾನು ಕಣ್ಣು ಮುಚ್ಚಿಕೊಳ್ಳುತ್ತೇನೆ.